ಗಡಿ ದಾಟಿ ಬಂದವ್ರ ದಾರಿನ ವೈರ್‌ನಲ್ಲಿ ಮ್ಯಾಪ್ ಮಾಡೋದು ಹೇಗೆ

ಮೈಸೂರಲ್ಲಿದ್ಕೊಂಡು ವಲಸೆ ಮೇಲೆ ಆರ್ಟ್‌ವರ್ಕ್ ಮಾಡ್ಬೇಕು ಅನ್ನೋರು ಮೊದ್ಲು ಬೈಲಕುಪ್ಪೆಗೆ ಹೋಗಿ, 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ್ಮೇಲೆ ಅವ್ರ ಹಿಂದೆ ಬಂದ ಟಿಬೆಟಿಯನ್ನರಿಗೆ ಆಗಿನ ಮೈಸೂರು ಸರ್ಕಾರ ಜಾಗ ಕೊಟ್ಟಿದ್ದು ಅಲ್ಲೇ. ಹಿರಿಯರ ಹತ್ರ ಕೂತು ಮಾತಾಡಿ, ಒಪ್ಪಿದ್ರೆ ಹಾಳೆ ಪೆನ್ಸಿಲ್ ಕೊಟ್ಟು ಬಂದ ದಾರಿನ ಅವ್ರ ಕೈಯಲ್ಲೇ ಬರೆಸಿ. ಅಳತೆ ಸರಿ ಇಲ್ಲ ಅಂತ ತಿದ್ದೋಕೆ ಹೋಗ್ಲೇಬೇಡಿ, ನಡ್ಕೊಂಡು ದಾಟಿದ ಕಣಿವೆ ಅರ್ಧ ಹಾಳೆ ತುಂಬಿ, ರೈಲಲ್ಲಿ ಬಂದ ದಾರಿ ಪೂರ್ತಿ ಒಂದಿಂಚಾದ್ರೆ ನಮ್ಗೆ ಬೇಕಾಗಿರೋ ಮ್ಯಾಪ್ ಅದೇ.

ಅದನ್ನ ಪ್ಲೈವುಡ್ ಮೇಲೆ ದೊಡ್ಡದಾಗಿ ಬರ್ಕೊಂಡು ತಿರುವಿಗೊಂದು ಮೊಳೆ ಹೊಡೀರಿ, ಗುಜರಿಲಿ ಸಿಗೋ ಹಳೆ ಕರೆಂಟ್ ವೈರ್ ಸುತ್ತುತ್ತಾ ಹೋಗಿ, ಒಬ್ಬೊಬ್ರಿಗೆ ಒಂದೊಂದು ಬಣ್ಣ, ತಂಗಿದ ಕಡೆ ಗಂಟು. ಗಡಿ ಬಂದಾಗ ಮೇಲಿನ ಪ್ಲಾಸ್ಟಿಕ್ ಸುಲಿದು ತಾಮ್ರ ಕಾಣೋ ಹಾಗೆ ಬಿಡಿ, ತುಂಬಾ ಚೆನ್ನಾಗಿ ಎದ್ದು ಕಾಣುತ್ತೆ.

ಶುರು ಮಾಡೋ ಮುಂಚೆ ಕಲಾವಿದೆ ರೀನಾ ಸೈನಿ ಕಲ್ಲಟ್ ಕರೆಂಟ್ ವೈರಲ್ಲೇ ಮಾಡಿರೋ ಪ್ರಪಂಚದ ವಲಸೆ ಮ್ಯಾಪ್ ನೋಡಿ, ಹಾಗೇ ಇನ್ನೊಬ್ಬ ಕಲಾವಿದೆ ಜರೀನಾ ಹಶ್ಮಿ 2001ರಲ್ಲಿ ಭಾರತ-ಪಾಕಿಸ್ತಾನದ ಗಡಿಗೆರೆ ಒಂದನ್ನೇ ಇಟ್ಕೊಂಡು ಮಾಡಿದ ವುಡ್‌ಕಟ್ (ಮರದ ಹಲಗೆ ಕೆತ್ತಿ ಅಚ್ಚೊತ್ತೋ ಚಿತ್ರ) ಕೂಡ.

ಮೈಸೂರಲ್ಲಿ ತೋರ್ಸೋಕ್ಕಿಂತ ಮೊದ್ಲು ಬೈಲಕುಪ್ಪೆಲೇ ತೋರ್ಸಿ, ಹೆಸ್ರು ಬೇಡ ಅಂದವ್ರ ಹೆಸ್ರು ಹಾಕ್ಬೇಡಿ.