ಗರ್ನ್ಸಿ ಸ್ವೆಟರ್: ಮ್ಯೂಸಿಯಂ ನೋಡಿ ನಾನು ಹೆಣೆದದ್ದು

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಲ್ಲಿರುವ ಗರ್ನ್ಸಿ ದ್ವೀಪಕ್ಕೆ ಹೋದವರು ಸಾಮಾನ್ಯವಾಗಿ ಕಡಲತೀರ, ಎರಡನೇ ಮಹಾಯುದ್ಧದ ಜರ್ಮನ್ ಬಂಕರ್ ನೋಡಿಕೊಂಡು ಬರುತ್ತಾರೆ. ನಾನು ಹೋದದ್ದು ಸಾಮರೆಜ್ ಪಾರ್ಕಿನ ಫೋಕ್ ಅಂಡ್ ಕಾಸ್ಟ್ಯೂಮ್ ಮ್ಯೂಸಿಯಂಗೆ. ಕಾರಣ ಒಂದು ಸ್ವೆಟರ್. ಅಲ್ಲಿನ ಮೀನುಗಾರರು ಹಾಕುತ್ತಿದ್ದ ಕಡುನೀಲಿ ಉಣ್ಣೆಯ ಸ್ವೆಟರ್‌ಗೆ ದ್ವೀಪದ ಹೆಸರೇ ಇದೆ. ಅದನ್ನು ನಾನೇ ಹೆಣೆಯಬೇಕು ಅಂತ ಆಸೆ.

ನಾನು ಜಾಸ್ತಿ ಹೊತ್ತು ನಿಂತದ್ದು ಹಳೇ ಅಡುಗೆಮನೆಯಲ್ಲಿ. ಹಿಂದೆ ಆ ದ್ವೀಪದ ಮನೆಗಳಲ್ಲಿ ಒಲೆ ಪಕ್ಕ ‘ಗ್ರೀನ್ ಬೆಡ್’ ಅಂತ ಒಂದು ತಗ್ಗು ಮಂಚ ಇರುತ್ತಿತ್ತು, ಮೇಲೆ ಒಣ ಜರಿಗಿಡದ ಹಾಸು. ಚಳಿಗಾಲದ ರಾತ್ರಿ ಅಕ್ಕಪಕ್ಕದವರು ಒಂದೇ ಮನೆಯಲ್ಲಿ ಸೇರಿ, ಅದರ ಮೇಲೆ ಕೂತು ಹರಟುತ್ತಾ ಹೆಣೆಯುತ್ತಿದ್ದರು. ಸುಮ್ನೆ ಹೊತ್ತು ಕಳೆಯೋಕಲ್ಲ, ಹೊಟ್ಟೆಪಾಡಿಗೆ. ಅಲ್ಲಿನ ಹೆಣಿಗೆಗೆ ಎಷ್ಟು ಹೆಸರಿತ್ತು ಅಂದರೆ, 1587ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯ ತಲೆ ತೆಗೆದಾಗ ಅವಳ ಕಾಲಲ್ಲಿದ್ದದ್ದು ಗರ್ನ್ಸಿಯ ಬಿಳಿ ಕಾಲುಚೀಲ ಅಂತ ಹೇಳುತ್ತಾರೆ.

ಈಗ ಹೆಣಿಗೆಗೆ ಬರೋಣ. ಮುಂಭಾಗ, ಹಿಂಭಾಗ, ಎರಡು ತೋಳು ಎಲ್ಲ ಬೇರೆ ಬೇರೆ ಹೆಣೆದು ಕೊನೆಗೆ ಹೊಲಿಯುವುದು ಅಮ್ಮ ಕಲಿಸಿದ ರೀತಿ. ನಿಮ್ಮಲ್ಲೂ ಹಾಗೇ ಅಲ್ವಾ? ಗರ್ನ್ಸಿ ಸ್ವೆಟರ್‌ಗೆ ಪಕ್ಕದ ಹೊಲಿಗೆಯೇ ಇಲ್ಲ. ಕೆಳಗೆ ಎರಡು ಪಟ್ಟಿ ಬೇರೆಯಾಗಿ ಹೆಣೆದು, ಕೂಡಿಸಿ, ಕಂಕುಳವರೆಗೆ ಸುತ್ತ ಸುತ್ತ ಹೆಣೆಯುತ್ತಾ ಹೋಗಬೇಕು. ಆ ಪಟ್ಟಿಗಳ ನಡುವಿನ ಸೀಳು ಹಾಗೇ ಉಳಿಯುವುದರಿಂದ ಬಗ್ಗಿ ಬಲೆ ಎಳೆಯುವಾಗ ಸ್ವೆಟರ್ ಸೊಂಟಕ್ಕೆ ಬಿಗಿಯುವುದಿಲ್ಲ. ಮುಂದು ಹಿಂದು ಎರಡೂ ಒಂದೇ. ಎದೆಭಾಗ ಸವೆದರೆ ತಿರುಗಿಸಿ ಹಾಕಿಕೊಂಡರಾಯಿತು.

ಇಡೀ ಸ್ವೆಟರ್‌ನ ಜಾಣತನ ಇರುವುದು ಕಂಕುಳಲ್ಲಿ. ಅಲ್ಲಿ ವಜ್ರಾಕಾರದ ಒಂದು ತುಂಡು ಇದೆ. ಪಕ್ಕದಲ್ಲಿ ಒಂದೇ ಸ್ಟಿಚ್‌ನಿಂದ ಶುರುಮಾಡಿ ಎರಡೂ ಕಡೆ ಹೆಚ್ಚಿಸುತ್ತಾ ಹೋಗಿ, ಅರ್ಧ ವಜ್ರ ಆದಾಗ ಆ ಸ್ಟಿಚ್‌ಗಳನ್ನು ಬೇರೆ ದಾರಕ್ಕೆ ಏರಿಸಿಟ್ಟೆ. ಆಮೇಲೆ ತೋಳಿಗೆ ಅವನ್ನೂ ಸೇರಿಸಿಕೊಂಡು, ಕಡಿಮೆ ಮಾಡುತ್ತಾ ಇನ್ನರ್ಧ ಮುಗಿಸಿದೆ. ಈಗ ಕೈ ಪೂರ್ತಿ ಮೇಲೆತ್ತಿದರೂ ಸ್ವೆಟರ್ ಹೊಟ್ಟೆ ಮೇಲಕ್ಕೆ ಏರುವುದಿಲ್ಲ. ತೋಳು ಭುಜದಿಂದ ಮಣಿಕಟ್ಟಿನ ಕಡೆಗೆ ಇಳಿಯುತ್ತದೆ, ಹಾಗಾಗಿ ಕೈತುದಿ ಹರಿದರೆ ಅಷ್ಟನ್ನೇ ಬಿಚ್ಚಿ ಮತ್ತೆ ಹೆಣೆಯಬಹುದು.

ಮುಳುಗಿದ ಮೀನುಗಾರನ ಹೆಣವನ್ನು ಸ್ವೆಟರ್‌ನ ಡಿಸೈನ್ ನೋಡಿ ಗುರುತಿಸುತ್ತಿದ್ದರು ಅನ್ನೋ ಕಥೆ ಎಲ್ಲರೂ ಹೇಳುತ್ತಾರೆ. ನನಗಂತೂ ನಂಬಿಕೆ ಇಲ್ಲ.

ಉಲ್ಲನ್ 5 ಪ್ಲೈ (ಐದು ಎಳೆ), ಬಿಗಿ ಹುರಿಯದ್ದೇ ಬೇಕು. ಮೆತ್ತನೆಯದು ತಂದರೆ ಗಾಳಿ ತಡೆಯುವಷ್ಟು ಒತ್ತಾಗಿ ಬರುವುದಿಲ್ಲ. ಕಡ್ಡಿ 2.25 ಅಥವಾ 2.5 ಮಿ.ಮೀ. ಸಾಕು. ಕಡುನೀಲಿಯನ್ನು ಹಗಲು ಬೆಳಕಿನಲ್ಲೇ ಹೆಣೆಯಿರಿ, ರಾತ್ರಿ ಸ್ಟಿಚ್ ಕಾಣುವುದೇ ಇಲ್ಲ.