ಬೆಲ್ಲದ ಡಬ್ಬಿ ತೆಗೆಯೋ ಮೊದ್ಲು ಹಣ್ಣು ಬಾಯಿಗೆ ಹಾಕ್ಕೊಳ್ಳಿ: ಹಣ್ಣಿನ ಅಡುಗೆ, ನನ್ನ ಅನುಭವ

ನಾನು ಪುತ್ತೂರು ಕಡೆಯವನು, ಬೆಂಗಳೂರಿಗೆ ಬಂದು 11 ವರ್ಷ ಆಯ್ತು. ಊರಲ್ಲಿದ್ದಾಗ ಅಡುಗೆಮನೆಗೆ ಹೋಗ್ತಿದ್ದಿದ್ದು ಊಟಕ್ಕೆ ಮಾತ್ರ, ಇಲ್ಲಿ ರೂಮ್ ಮಾಡ್ಕೊಂಡ ಮೇಲೂ ಮೊದಲನೇ ವರ್ಷ ಪೂರ್ತಿ ಅನ್ನ, ಸಾರು, ಮೊಸರು ಅಷ್ಟೇ. ಆದ್ರೆ ಏಪ್ರಿಲ್ ಮೇ ಬಂತು ಅಂದ್ರೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಯಾಕಂದ್ರೆ ನಮ್ಮ ಕಡೆ ಆ ಎರಡು ಮೂರು ತಿಂಗಳು ಮಾವು, ಹಲಸು, ಅನಾನಸು ಎಲ್ಲ ಊಟ ಆದ್ಮೇಲೆ ಕುಯ್ದು ತಿನ್ನೋದಕ್ಕಷ್ಟೇ ಅಲ್ಲ, ಅನ್ನಕ್ಕೆ ಕಲಸ್ಕೊಳ್ಳೋ ಪದಾರ್ಥನೂ ಅದ್ರದ್ದೇ, ಬೆಳಿಗ್ಗೆ ತಿಂಡಿನೂ ಅದ್ರದ್ದೇ, ಪಾಯಸಾನೂ ಅದ್ರದ್ದೇ.

ಮೊದಲು ಕೈ ಹಾಕಿದ್ದು ಅನಾನಸು ಮೆಣಸ್ಕಾಯಿಗೆ. ಮದುವೆ ಮನೆ ಊಟದಲ್ಲಿ ಬಾಳೆ ಎಲೆ ಮೇಲೆ ಬಡಿಸ್ತಾರಲ್ಲ, ಕೆಂಪಗೆ, ಹುಳಿ ಸಿಹಿ ಖಾರ ಮೂರೂ ಒಟ್ಟಿಗೆ ಬಾಯಿಗೆ ಬರೋದು, ಅದು. ಅಮ್ಮನ ಹತ್ರ ಫೋನಲ್ಲಿ ಕೇಳ್ಕೊಂಡು ಚೀಟಿ ಬರ್ಕೊಂಡೆ, ಬೆಲ್ಲ ಎಷ್ಟು ಅಂತ ಕೇಳಿದ್ದಕ್ಕೆ ಅವರು ಒಂದು ದೊಡ್ಡ ನಿಂಬೆಹಣ್ಣಿನಷ್ಟು ಅಂದ್ರು, ಹಾಗೇ ಹಾಕ್ದೆ. ನಾನು ತಂದಿದ್ದ ಹಣ್ಣು ಪೂರ್ತಿ ಹಳದಿ ತಿರುಗಿ ಬುಡ ಮೆತ್ತಗಾಗಿತ್ತು, ಅದೇ ಸಕ್ಕರೆ ಥರ ಇತ್ತು, ಅದ್ರ ಮೇಲೆ ಅಷ್ಟು ಬೆಲ್ಲ ಬಿದ್ದು ಮೆಣಸ್ಕಾಯಿ ಹೋಗಿ ಖಾರದ ಜಾಮ್ ಥರ ಆಯ್ತು, ಅನ್ನಕ್ಕೆ ಕಲಸ್ಕೊಂಡು ಎರಡು ತುತ್ತು ತಿನ್ನೋಕೆ ಆಗ್ಲಿಲ್ಲ. ಮತ್ತೆ ಫೋನ್ ಮಾಡಿ ಹೇಳಿದ್ರೆ ಅಮ್ಮ ಅಂದಿದ್ದು ಒಂದೇ ಮಾತು, "ಮಗಾ, ಹಣ್ಣಿನ ರುಚಿ ನೋಡದ್ದೆ ಬೆಲ್ಲ ಹಾಕೆಡ." ಅಂದ್ರೆ ರುಚಿ ನೋಡದೆ ಬೆಲ್ಲ ಹಾಕ್ಬೇಡ ಅಂತ. ಹಣ್ಣಿನ ಅಡುಗೆ ಬಗ್ಗೆ ನಂಗೆ ಗೊತ್ತಿರೋದೆಲ್ಲ ಈ ಒಂದು ಮಾತಿಂದಲೇ ಶುರುವಾಗಿದ್ದು. ಬದನೆಕಾಯಿ ಇವತ್ತೂ ನಾಳೆನೂ ಹೆಚ್ಚು ಕಮ್ಮಿ ಒಂದೇ, ಹಣ್ಣು ಹಾಗಲ್ಲ, ಒಂದೇ ಗಾಡಿಯಿಂದ ತಂದ ಎರಡು ಹಣ್ಣು ಎರಡು ಥರ ಇರುತ್ತೆ. ಹಾಗಾಗಿ ಈ ಅಡುಗೆಗಳಲ್ಲಿ ಬೆಲ್ಲಕ್ಕೂ ಹುಳಿಗೂ ನಾನು ಅಳತೆ ಕೊಡಲ್ಲ, ಉಳಿದಿದ್ದಕ್ಕೆಲ್ಲ ಕೊಡ್ತೀನಿ.

ಈಗ ಮೆಣಸ್ಕಾಯಿ ನಾನು ಮಾಡೋದು ಹೀಗೆ. ಮಧ್ಯಮ ಗಾತ್ರದ ಒಂದು ಅನಾನಸು, ಪೂರ್ತಿ ಹಣ್ಣಾಗಿರ್ಬಾರ್ದು, ಅರ್ಧ ಹಸಿರು ಅರ್ಧ ಹಳದಿ ಇದ್ರೆ ಸರಿ. ಕೇರಳದ ವಾಳಕುಳಂ ಕಡೆಯಿಂದ ಬರೋ ಮಾರಿಷಸ್ ತಳಿ ಸಿಕ್ಕಿದ್ರೆ ನಂಗೆ ಅದೇ ಇಷ್ಟ, ಗಾತ್ರ ಸಣ್ಣದು ಆದ್ರೆ ಪರಿಮಳ ಜಾಸ್ತಿ, ಬೆಂದ್ರೂ ಹೋಳು ಕರಗಲ್ಲ. ಕಣ್ಣುಗಳನ್ನ ಓರೆಯಾಗಿ ಕೊಯ್ದು ತೆಗೆದು ಬೆರಳ ತುದಿಯಷ್ಟು ಹೋಳು ಮಾಡಿ. ಒಂದು ಹೋಳು ಬಾಯಿಗೆ ಹಾಕ್ಕೊಳ್ಳಿ, ಇದನ್ನ ಮರೀಬೇಡಿ. ಅರಶಿನ, ಉಪ್ಪು, ಸ್ವಲ್ಪ ನೀರು ಹಾಕಿ 10 ನಿಮಿಷ ಬೇಯಿಸಿ, ಹಣ್ಣು ಹುಳಿ ಕಮ್ಮಿ ಇದ್ರೆ ಮಾತ್ರ ಹುಣಸೆ ರಸ. ಅಷ್ಟರಲ್ಲಿ ಬಾಣಲೆಗೆ ಒಂದು ಚಮಚ ತೆಂಗಿನೆಣ್ಣೆ ಹಾಕಿ 6-7 ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಉದ್ದಿನಬೇಳೆ, ಕಾಲು ಚಮಚ ಮೆಂತೆ ಹುರೀರಿ, ಕೊನೆಗೆ ಒಂದು ದೊಡ್ಡ ಚಮಚ ಎಳ್ಳು. ಎಳ್ಳು ಚಟಪಟ ಅಂದ ತಕ್ಷಣ ಇಳಿಸ್ಬೇಕು, ಅರ್ಧ ನಿಮಿಷ ತಡ ಆದ್ರೆ ಕಹಿ. ಇದನ್ನ ಅರ್ಧ ಕಪ್ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ ಬೆಂದ ಹೋಳಿಗೆ ಹಾಕಿ ಕುದಿಸಿ. ಬೆಲ್ಲ ಈ ಹಂತದಲ್ಲಿ, ಸ್ವಲ್ಪ ಸ್ವಲ್ಪ ಹಾಕಿ ನೋಡ್ತಾ ನೋಡ್ತಾ. ಸಾಸಿವೆ, ಒಣಮೆಣಸು, ಕರಿಬೇವು ಒಗ್ಗರಣೆ. ಉಪ್ಪು ಒಂದು ಚೂರು ಮುಂದೆ ಇರ್ಲಿ, ಉಪ್ಪು ಕಮ್ಮಿ ಆದ್ರೆ ಸಿಹಿ ಮಾತ್ರ ಎದ್ದು ಕಾಣುತ್ತೆ. ಮಾಡಿದ ದಿನಕ್ಕಿಂತ ಮಾರನೇ ದಿನ ಹೋಳು ಮಸಾಲೆ ಎಳ್ಕೊಂಡು ಇನ್ನೂ ಚೆನ್ನಾಗಿರುತ್ತೆ.

ಅನಾನಸು ಬಗ್ಗೆ ಇನ್ನೊಂದು ವಿಷಯ, ನಾನು ಕಷ್ಟಪಟ್ಟು ಕಲ್ತಿದ್ದು. ಸ್ನೇಹಿತರು ಊಟಕ್ಕೆ ಬರ್ತಾರೆ ಅಂತ ಬೆಳಿಗ್ಗೆನೇ ಹಸಿ ಅನಾನಸು ಹೆಚ್ಚಿ ಮೊಸರಿಗೆ ಹಾಕಿ ರಾಯತ ಮಾಡಿ ಫ್ರಿಡ್ಜಲ್ಲಿಟ್ಟಿದ್ದೆ, ಮಧ್ಯಾಹ್ನ ತೆಗೆದ್ರೆ ಪೂರ್ತಿ ಕಹಿ. ಮೊಸರು ಕೆಟ್ಟಿದೆ ಅಂದ್ಕೊಂಡೆ, ಆದ್ರೆ ಅದೇ ಮೊಸರು ಬೇರೆ ಪಾತ್ರೆಯಲ್ಲಿ ಚೆನ್ನಾಗೇ ಇತ್ತು. ಆಮೇಲೆ ಗೊತ್ತಾಯ್ತು, ಹಸಿ ಅನಾನಸಲ್ಲಿ ಬ್ರೋಮೆಲೈನ್ ಅನ್ನೋ ಕಿಣ್ವ ಇದೆ, ಅದು ಹಾಲು ಮೊಸರಿನ ಪ್ರೊಟೀನನ್ನ ಒಡೆಯುತ್ತೆ, ಒಡೆದಾಗ ಕಹಿ ಬರುತ್ತೆ. ಬಿಸಿ ಮಾಡಿದ್ರೆ ಆ ಕಿಣ್ವ ಸಾಯುತ್ತೆ. ಈಗ ಹೋಳನ್ನ ಚಿಟಿಕೆ ಉಪ್ಪು ಹಾಕಿ 5 ನಿಮಿಷ ಕುದಿಸಿ, ಪೂರ್ತಿ ಆರಿಸಿ ಮೊಸರಿಗೆ ಹಾಕ್ತೀನಿ, ರಾತ್ರಿ ತನಕ ಇಟ್ರೂ ಏನೂ ಆಗಲ್ಲ. ಕೇಸರಿಬಾತ್‌ಗೂ ಅಷ್ಟೇ, ಹೋಳನ್ನ ಮೊದಲು ಸಕ್ಕರೆ ಜೊತೆ ಬೇಯಿಸ್ಕೊಂಡು ಆಮೇಲೆ ರವೆಗೆ ಸೇರಿಸಿ.

ಇನ್ನು ಹಲಸು. ಇದ್ರ ಬಗ್ಗೆ ಬರೆಯೋಕೆ ಕೂತ್ರೆ ನಂಗೆ ನಿಲ್ಲಿಸೋಕೆ ಆಗಲ್ಲ. ಪ್ರತಿ ವರ್ಷ ಜೂನ್ ಹೊತ್ತಿಗೆ ಊರಿಂದ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಗೋಣಿಚೀಲದಲ್ಲಿ ಹಲಸು ಬರುತ್ತೆ, ಬೆಳಿಗ್ಗೆ ಆರಕ್ಕೆ ಹೋಗಿ ಇಳಿಸ್ಕೊಂಡು ಬಂದ್ರೆ ಮೆಟ್ಟಿಲಲ್ಲೆಲ್ಲ ಪರಿಮಳ. ಎರಡು ಜಾತಿ ಅಂತ ಗೊತ್ತಿರ್ಬೇಕು, ಗಟ್ಟಿ ಸೊಳೆ (ತೊಳೆ) ಇರೋದು ಬಕ್ಕೆ, ಹಾಗೇ ತಿನ್ನೋಕೆ ಒಳ್ಳೇದು. ಮೆತ್ತಗೆ ಕೈಗೆ ಕರಗೋದು ತುಳುವೆ, ಪೇಟೆಯಲ್ಲಿ ಇದನ್ನ ಯಾರೂ ಕೇಳಲ್ಲ, ಆದ್ರೆ ಅಡುಗೆಗೆ ಇದೇ ರಾಜ, ರಸ ಜಾಸ್ತಿ, ರುಬ್ಬಿದ್ರೆ ಬೆಣ್ಣೆ ಥರ ಆಗುತ್ತೆ. ಕೊಯ್ಯೋ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರ್ಕೊಳ್ಳಿ, ನೆಲಕ್ಕೆ ಪೇಪರ್ ಹಾಸಿ, ಇಲ್ಲಾಂದ್ರೆ ಮೇಣ ಹೋಗ್ಸೋಕೆ ಒಂದು ದಿನ ಬೇಕು.

ಹಲಸಿನ ಹಣ್ಣನ್ನ ಅಕ್ಕಿ ಜೊತೆ ರುಬ್ಬಿ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸೋ ತಿಂಡಿಗೆ ಕೊಟ್ಟಿಗೆ ಅಂತೀವಿ ನಾವು, ಕೆಲವು ಕಡೆ ಕಡುಬು, ಗಟ್ಟಿ ಅಂತಾರೆ. ಒಂದು ಕಪ್ ಬೆಳ್ತಿಗೆ ಅಕ್ಕಿ (ಕುಚ್ಚಲಕ್ಕಿ ಅಲ್ಲ, ಬಿಳಿ ಅಕ್ಕಿ) 3 ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಹೆಚ್ಚಿದ ಸೊಳೆ 2 ಕಪ್ ಜೊತೆ ತರಿತರಿಯಾಗಿ ರುಬ್ಬಬೇಕು, ರವೆ ಹದಕ್ಕೆ, ಒಂದು ಹನಿ ನೀರು ಹಾಕ್ಬಾರ್ದು. ನಾನು ಮೊದಲ ಸಲ ಮಿಕ್ಸಿ ತಿರುಗಲ್ಲ ಅಂತ ಕಾಲು ಲೋಟ ನೀರು ಹಾಕ್ದೆ, ಹಿಟ್ಟು ದೋಸೆ ಹಿಟ್ಟಿನ ಥರ ಆಗಿ ಎಲೆಯಿಂದ ಸೋರಿ ಇಡ್ಲಿ ಪಾತ್ರೆ ತಳಕ್ಕೆ ಇಳೀತು. ಈಗ ಮಿಕ್ಸಿ ತಿರುಗದಿದ್ರೆ ಮೊದಲು ಹಣ್ಣನ್ನ ಮಾತ್ರ ತಿರುಗಿಸಿ ಆಮೇಲೆ ಅಕ್ಕಿ ಸ್ವಲ್ಪ ಸ್ವಲ್ಪವೇ ಹಾಕ್ತೀನಿ. ಅಷ್ಟಾದ್ರೂ ತೆಳು ಆದ್ರೆ ಒಂದು ಹಿಡಿ ಅಕ್ಕಿ ತರಿ ಬೆರೆಸಿ 15 ನಿಮಿಷ ಬಿಟ್ಬಿಡಿ, ನೀರು ಎಳ್ಕೊಳ್ಳುತ್ತೆ. ಉಪ್ಪು, ತೆಂಗಿನಕಾಯಿ ಸಣ್ಣ ಚೂರು, ಬೆಲ್ಲ ಹಣ್ಣು ನೋಡ್ಕೊಂಡು. ಒಳ್ಳೆ ಹಣ್ಣಾದ್ರೆ ನಾನು ಬೆಲ್ಲ ಹಾಕೋದೇ ಇಲ್ಲ. ಬಾಳೆ ಎಲೆಯನ್ನ ಗ್ಯಾಸ್ ಉರಿ ಮೇಲೆ ಆಡಿಸಿ ಬಾಡಿಸ್ಕೊಂಡ್ರೆ ಮಡಚುವಾಗ ಹರಿಯಲ್ಲ. ಊರಲ್ಲಿ ಸಾಗುವಾನಿ ಎಲೆಯಲ್ಲೂ ಮಾಡ್ತಾರೆ, ಎಲೆಯ ಕೆಂಪು ಬಣ್ಣ ಹಿಟ್ಟಿಗೆ ಇಳಿದು ಕಂದುಗೆಂಪಾಗುತ್ತೆ, ಅದ್ರ ಪರಿಮಳನೇ ಬೇರೆ, ಇಲ್ಲಿ ನಂಗೆ ಎಲೆ ಸಿಗಲ್ಲ. 45 ನಿಮಿಷ ಹಬೆಯಲ್ಲಿ ಬೇಯ್ಲಿ. ಬಿಸಿ ಇರುವಾಗ ಬಿಡಿಸಿದ್ರೆ ಎಲೆಗೆ ಅಂಟುತ್ತೆ, ಹತ್ತು ನಿಮಿಷ ತಡ್ಕೊಳ್ಳಿ. ತುಪ್ಪ ಹಾಕಿ ತಿನ್ನೋದು ಸರಿ, ಆದ್ರೆ ಶುಂಠಿ ಹಸಿಮೆಣಸು ಹಾಕಿದ ಖಾರದ ಕಾಯಿ ಚಟ್ನಿ ಜೊತೆ ತಿಂದು ನೋಡಿ. ನಮ್ಮ ಆಫೀಸಲ್ಲಿ ಧಾರವಾಡದ ಗೆಳೆಯ ಒಬ್ಬ ಸಿಹಿಗೆ ಯಾರಾದ್ರೂ ಚಟ್ನಿ ಹಚ್ಕೊತಾರೇನಪ್ಪಾ ಅಂತಿದ್ದವ್ನು ಈಗ ಜೂನ್ ಬಂದ್ರೆ ಚಟ್ನಿ ಎಲ್ಲಿ ಅಂತ ಅವನೇ ಕೇಳ್ತಾನೆ. ಉಳಿದಿದ್ದನ್ನ ಮಾರನೇ ದಿನ ಹೋಳು ಮಾಡಿ ಕಾವಲಿಯಲ್ಲಿ ತುಪ್ಪ ಹಾಕಿ ಎರಡೂ ಕಡೆ ಕೆಂಪಗೆ ಮಾಡ್ಕೊಳ್ಳಿ.

ಅದೇ ಹಿಟ್ಟು ಇನ್ನೂ ಸ್ವಲ್ಪ ಗಟ್ಟಿ ಮಾಡಿ, ಬೆಲ್ಲ ಎಳ್ಳು ಹಾಕಿ ಎಣ್ಣೆಗೆ ಬಿಟ್ರೆ ಮುಳ್ಕ. ಇಲ್ಲಿ ಉರಿ ಮುಖ್ಯ, ಹಣ್ಣಿನ ಸಕ್ಕರೆ ಬೇಗ ಸೀಯುತ್ತೆ, ದೊಡ್ಡ ಉರಿಯಲ್ಲಿ ಹೊರಗೆ ಕಪ್ಪಾಗಿ ಒಳಗೆ ಹಿಟ್ಟು ಹಸಿ ಉಳಿಯುತ್ತೆ. ಸಣ್ಣ ನಿಂಬೆ ಗಾತ್ರ, ಮಧ್ಯಮ ಉರಿ, ತಾಳ್ಮೆ.

ಬೆರಟಿ ಮಾತ್ರ ರಜಾ ದಿನದ ಕೆಲಸ. ಹೆಚ್ಚಿದ ತುಳುವೆ ಸೊಳೆಯನ್ನ ದಪ್ಪ ತಳದ ಪಾತ್ರೆಯಲ್ಲಿ ನೀರು ಹಾಕದೆ ಬೇಯಿಸಿ, ಮಗುಚ್ತಾ ಇರ್ಬೇಕು, ನೀರಂಶ ಹೋದ ಮೇಲೆ ಬೆಲ್ಲ ಸ್ವಲ್ಪ ತುಪ್ಪ ಹಾಕಿ ಪಾತ್ರೆ ಬಿಟ್ಟು ಉಂಡೆ ಆಗೋವರೆಗೆ ಮತ್ತೆ ಮಗುಚ್ಬೇಕು, ನಂಗೆ ಒಂದು ಸಣ್ಣ ಹಲಸಿಗೆ ಎರಡು ಗಂಟೆ ಹಿಡಿಯುತ್ತೆ. ದಪ್ಪ ಆಗ್ತಾ ಬಂದಾಗ ಗುಳ್ಳೆ ಒಡೆದು ಸಿಡಿಯುತ್ತೆ, ಎರಡನೇ ವರ್ಷ ನನ್ನ ಮಣಿಕಟ್ಟಿನ ಮೇಲೆ ಸಿಡಿದು ಬೊಬ್ಬೆ ಬಂದಿತ್ತು, ಅವತ್ತಿಂದ ಉದ್ದ ಹಿಡಿಯ ಸೌಟು, ತೋಳು ಮುಚ್ಚೋ ಅಂಗಿ. ನೀರಂಶ ಒಂಚೂರು ಉಳಿದ್ರೂ ಬೂಷ್ಟು ಬರುತ್ತೆ, ಹಾಗಾಗಿ ಪೂರ್ತಿ ಆರಿದ ಮೇಲೆ ಒಣಗಿದ ಡಬ್ಬಿಗೆ ತುಂಬಿ ಫ್ರೀಜರಲ್ಲಿಡ್ತೀನಿ. ಪಾಯಸ ಬೇಕಾದಾಗ ಎರಡು ಸೌಟು ಬೆರಟಿಯನ್ನ ತೆಳು ಕಾಯಿಹಾಲಲ್ಲಿ ಕರಗಿಸಿ ಕುದಿಸಿ, ಬೆಲ್ಲ ನೋಡಿ ಹಾಕಿ, ಕೊನೆಗೆ ದಪ್ಪ ಕಾಯಿಹಾಲು ಏಲಕ್ಕಿ ಹಾಕಿ ಒಲೆ ಆರಿಸಿಬಿಡಿ. ದಪ್ಪ ಹಾಲು ಹಾಕಿ ಜೋರು ಕುದಿಸಿದ್ರೆ ಒಡೆದು ಎಣ್ಣೆ ತೇಲುತ್ತೆ. ದೀಪಾವಳಿಗೆ ಹಲಸಿನ ಪಾಯಸ ಉಣ್ಣೋ ಸುಖ ಇದ್ರಿಂದಲೇ.

ಮಾವಿನ ಹಣ್ಣಿಗೆ ಬಂದ್ರೆ ನಮ್ಮನೆಯ ಸಾಸಮೆ, ಅಂದ್ರೆ ಹಣ್ಣಿಗೆ ಕಾಯಿ ಸಾಸಿವೆ ರುಬ್ಬಿ ಹಾಕೋ ಪದಾರ್ಥ, ಒಲೆ ಹಚ್ಚೋದು ಒಗ್ಗರಣೆಗೆ ಮಾತ್ರ. ಊರಲ್ಲಾದ್ರೆ ಕಾಟುಮಾವು, ಹುಳಿ ಸಿಹಿ ಎರಡೂ ಇರೋ ಸಣ್ಣ ಹಣ್ಣು. ಬೆಂಗಳೂರಲ್ಲಿ ಮೊದಲು ಬಾದಾಮಿ ಮಾವು ಹಾಕಿ ಮಾಡ್ದೆ, ಬರೀ ಸಿಹಿ, ಸಾಸಿವೆ ಖಾರಕ್ಕೆ ಎದುರು ನಿಲ್ಲೋಕೆ ಹುಳಿನೇ ಇಲ್ಲ. ಬಾದಾಮಿ ಸೀಕರಣೆಗೆ ಸರಿ. ಈಗ ಸಕ್ಕರೆಗುತ್ತಿ ಸಿಕ್ಕಿದ್ರೆ 8 ಹಣ್ಣು ಸಿಪ್ಪೆ ತೆಗೆದು ಗೊರಟು ಸಮೇತ ಹಿಸುಕಿ ಹಾಕ್ತೀನಿ, ಹುಳಿಗೆ ಅರ್ಧ ಬಲಿತ ತೋತಾಪುರಿ ಹೆಚ್ಚಿ ಸೇರಿಸ್ತೀನಿ. ಒಂದು ಕಪ್ ತೆಂಗಿನತುರಿ, ಎರಡು ಒಣಮೆಣಸು ನುಣ್ಣಗೆ ರುಬ್ಬಿ, ಕೊನೇ ಸುತ್ತಿಗೆ ಅರ್ಧ ಚಮಚ ಹಸಿ ಸಾಸಿವೆ. ಮೊದಲೇ ಹಾಕಿ ತುಂಬಾ ಹೊತ್ತು ತಿರುಗಿಸಿದ್ರೆ ಕಹಿ ಬರುತ್ತೆ. ಉಪ್ಪು, ಬೆಲ್ಲ ಬೆರೆಸಿ ಕಾಲು ಗಂಟೆ ಮುಚ್ಚಿಟ್ರೆ ಘಾಟು ಮೂಗಿಗೆ ಏರೋ ಹದಕ್ಕೆ ಬರುತ್ತೆ. ಕುದಿಸಿದ್ರೆ ಆ ಘಾಟೇ ಹೋಗುತ್ತೆ, ಹಾಗಾಗಿ ಬಿಸಿ ಮಾಡ್ಲೇಬೇಡಿ, ಅವತ್ತೇ ಖಾಲಿ ಮಾಡಿ. ಗೊರಟು ಎಲೆ ಬದಿಗಿಟ್ಟು ಕೊನೆಗೆ ಚೀಪಬೇಕು.

ಬಾಳೆಹಣ್ಣು ಕಪ್ಪಾದ್ರೆ ಬನ್ಸ್, ಅದು ಎಲ್ಲರಿಗೂ ಗೊತ್ತು. ನಾನು ಹೇಳೋದು ಎರಡೇ, ಹಿಟ್ಟಿಗೆ ನೀರು ಹಾಕದೆ ಹಣ್ಣು ಮೊಸರಲ್ಲೇ ಕಲಸಿ ರಾತ್ರಿ ಪೂರ್ತಿ ಬಿಡಿ, ಸಕ್ಕರೆ ಕಮ್ಮಿ ಹಾಕಿ, ಇಲ್ಲಾಂದ್ರೆ ಉಬ್ಬೋ ಮೊದ್ಲೇ ಕಪ್ಪಾಗುತ್ತೆ.

ಕಿತ್ತಳೆ ಸಿಪ್ಪೆ ಗೊಜ್ಜು ನಮ್ಮ ಕಡೆಯಿಂದ ತಂದಿದ್ದಲ್ಲ, ಕೆಳಗಿನ ಮನೆ ಆಂಟಿ ಕಲಿಸಿದ್ದು, ಅವ್ರು ಮೈಸೂರಿನವರು. ನಾನು ಸಿಪ್ಪೆ ಕಸಕ್ಕೆ ಹಾಕೋದು ನೋಡಿ "ಅಯ್ಯೋ ಅದನ್ಯಾಕಪ್ಪಾ ಬಿಸಾಡ್ತೀಯ" ಅಂತ ಕೈಯಿಂದ ಇಸ್ಕೊಂಡ್ರು. ಎರಡು ಹಣ್ಣಿನ ಸಿಪ್ಪೆ, ಒಳಗಿನ ಬಿಳಿ ಭಾಗ ಚಮಚದಲ್ಲಿ ಕೆರೆದು ತೆಗೀಬೇಕು, ಕಹಿ ಎಲ್ಲಾ ಅಲ್ಲೇ ಇರೋದು. ಸಣ್ಣಗೆ ಹೆಚ್ಚಿ ಒಂದು ಕುದಿ ಬರಿಸಿ ಆ ನೀರು ಚೆಲ್ಲಿ, ಆಮೇಲೆ ಎಣ್ಣೆಯಲ್ಲಿ ಬಾಡಿಸಿ ಹುಣಸೆ ರಸ, ಬೆಲ್ಲ, ಉಪ್ಪು, ಒಂದೂವರೆ ಚಮಚ ಸಾರಿನ ಪುಡಿ ಹಾಕಿ ಗಟ್ಟಿ ಆಗೋವರೆಗೆ ಕುದಿಸಿ. ತೆಳು ಸಿಪ್ಪೆಯ ಕೊಡಗಿನ ಕಿತ್ತಳೆ ಸಿಕ್ಕಿದ್ರೆ ಬಿಡ್ಬೇಡಿ. ಮೇಣದ ಪಾಲಿಶ್ ಹಾಕಿದ ಮಿರಿಮಿರಿ ಹಣ್ಣಿನ ಸಿಪ್ಪೆ ಬೇಡ. ಚಪಾತಿಗೂ ಆಗುತ್ತೆ, ಮೊಸರನ್ನಕ್ಕಂತೂ ಇದಕ್ಕಿಂತ ಒಳ್ಳೆ ಜೋಡಿ ನಂಗೆ ಇನ್ನೂ ಸಿಕ್ಕಿಲ್ಲ.

ಹಲಸು ಕೊಯ್ದಾಗ ಉಳಿಯೋ ಬೇಳೆ, ಅಂದ್ರೆ ಬೀಜದ ಬಗ್ಗೆ ಹೇಳೋದು ಮರೆತಿದ್ದೆ. ತೊಳೆದು ಎರಡು ದಿನ ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲಕ್ಕೆ ಹಾಕಿ ಫ್ರಿಡ್ಜಲ್ಲಿಡಿ, ಒದ್ದೆ ಇದ್ರೆ ಮೊಳಕೆ ಬರುತ್ತೆ. ನಮ್ಮಜ್ಜಿ ಕೆಮ್ಮಣ್ಣಿನ ನೀರಲ್ಲಿ ಅದ್ದಿ ಒಣಗಿಸಿ ಮಳೆಗಾಲಕ್ಕೆ ಇಡ್ತಿದ್ರು. ಜಜ್ಜಿ ಬಿಳಿ ಸಿಪ್ಪೆ ತೆಗೆದು, ಕುಕ್ಕರಲ್ಲಿ ಮೂರು ಕೂಗು, ಬೆಳ್ಳುಳ್ಳಿ ಒಗ್ಗರಣೆ ಸಾರು. ನನ್ನ ಫ್ರಿಡ್ಜಲ್ಲಿ ಈಗ ಇನ್ನೊಂದು ಸಾರಿಗಾಗುವಷ್ಟು ಇದೆ, ಇವತ್ತು ರಾತ್ರಿ ಅದೇ.