ಹಲಸಿನ ಆರೈಕೆ ಜೀಗುಜ್ಜೆಗೆ ಆಗುವುದಿಲ್ಲ: ನನ್ನ ಹಿತ್ತಿಲಿನ ಅನುಭವ

ನಾನು ನೆಟ್ಟ ಮೊದಲ ಜೀಗುಜ್ಜೆ (ಬ್ರೆಡ್‌ಫ್ರೂಟ್) ಸಸಿ ಸತ್ತದ್ದು 2010ರ ಏಪ್ರಿಲ್‌ನಲ್ಲಿ. ಹಿಂದಿನ ಜೂನ್‌ನಲ್ಲಿ ಹಲಸಿನ ಜೊತೆಗೇ ನೆಟ್ಟಿದ್ದೆ. ಉಡುಪಿಯ ಹಿರಿಯಡ್ಕದ ಹತ್ತಿರ ನಮ್ಮದು 40 ಸೆಂಟ್ಸ್ ಜಾಗ. ಮನೆಯ ಹಿಂದೆ ಗುಡ್ಡೆ, ಅರ್ಧ ಅಡಿ ಮಣ್ಣು ತೆಗೆದರೆ ಕೆಂಪುಕಲ್ಲು. ಎರಡೂ ಒಂದೇ ಕುಲದ ಮರ, ಎರಡಕ್ಕೂ ಅಂಟಿನ ಹಾಲು, ಕಾಯಿಯ ಮೈಯೂ ಮುಳ್ಳುಮುಳ್ಳು. ಹಾಗಾಗಿ ಆರೈಕೆಯೂ ಒಂದೇ ಎಂದುಕೊಂಡು ಗುಡ್ಡೆಯ ಅಂಚಿನಲ್ಲಿ ಸಾಲಾಗಿ ಗುಂಡಿ ತೋಡಿದೆ. ವಾರಕ್ಕೆ ಎರಡು ಸಲ ನೀರು. ಹಲಸು ಬದುಕಿತು. ಜೀಗುಜ್ಜೆಯ ಎಲೆಗಳು ಮಾರ್ಚ್‌ನಲ್ಲೇ ಅಂಚಿನಿಂದ ಒಣಗಲು ಶುರುವಾದವು.

ಪಕ್ಕದ ಮನೆಯ ಅಜ್ಜಿ ಬಂದು ನೋಡಿದರು. "ಇದನ್ನು ಗುಡ್ಡೆಗೆ ಯಾಕೆ ಹಾಕಿದೆ ಮಾರಾಯ? ಬಚ್ಚಲಿನ ನೀರು ಹೋಗುವಲ್ಲಿ ನೆಡಬೇಕು" ಎಂದರು. ಅಷ್ಟು ಹೊತ್ತಿಗೆ ತಡವಾಗಿತ್ತು.

ಆಮೇಲೆ ಯೋಚಿಸಿದರೆ ಕಾರಣ ಸರಳ. ಹಲಸು ನಮ್ಮ ಪಶ್ಚಿಮ ಘಟ್ಟದ್ದೇ ಮರ. ತಾಯಿಬೇರು ಆಳಕ್ಕೆ ಇಳಿಯುತ್ತದೆ, ಕೆಂಪುಕಲ್ಲಿನ ಸಂದಿಯಲ್ಲೂ ದಾರಿ ಹುಡುಕುತ್ತದೆ. ಜೀಗುಜ್ಜೆ ಹುಟ್ಟಿದ್ದು ಪೆಸಿಫಿಕ್ ದ್ವೀಪಗಳ ಕಡೆ. ಅದರ ಇನ್ನೊಂದು ಹೆಸರು ದೀವಿಹಲಸು ಅಲ್ವಾ, ದೀವಿ ಅಂದರೆ ದ್ವೀಪ. ಅಲ್ಲಿ ವರ್ಷದ ಹೆಚ್ಚು ತಿಂಗಳು ಮಳೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬಿದ್ದರೂ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ಕಾಲಕ್ಕೆ ಜೀಗುಜ್ಜೆಯ ಬೇರು ಮೇಲುಮೇಲೆಯೇ ಹರಡಿಕೊಂಡು ನೀರಿಗೆ ಕಾಯುತ್ತದೆ.

ಎರಡನೇ ಸಸಿಯನ್ನು 2011ರಲ್ಲಿ ಆ ಅಜ್ಜಿಯೇ ಕೊಟ್ಟರು. ನಮ್ಮಲ್ಲಿ ಬೆಳೆಯುವ ಜೀಗುಜ್ಜೆಗೆ ಬೀಜ ಇಲ್ಲ. ಬೇರಿನಿಂದ ಏಳುವ ಮರಿಯೇ ಅದರ ಸಸಿ. 1789ರಲ್ಲಿ ಟಹಿಟಿಯಿಂದ ಇದರ 1000ಕ್ಕೂ ಹೆಚ್ಚು ಸಸಿಗಳನ್ನು ಕುಂಡಗಳಲ್ಲಿ ಹೊತ್ತು ಬೌಂಟಿ ಎಂಬ ಹಡಗು ವೆಸ್ಟ್ ಇಂಡೀಸ್‌ಗೆ ಹೊರಟಿತ್ತು. ದಾರಿಯಲ್ಲಿ ನಾವಿಕರು ದಂಗೆ ಎದ್ದು ಸಸಿಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ಒಂದು ಮರಿಯನ್ನು ಬೇರಿನಿಂದ ಬಿಡಿಸಿ ಬದುಕಿಸುವ ಕಷ್ಟ ಗೊತ್ತಿರುವುದರಿಂದ ಆ ಕಥೆ ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಮರಿ ತೆಗೆಯುವ ಕ್ರಮ ಹೀಗೆ. ಮೇಲೆ ಕಾಣುವ ಹೆಬ್ಬೆರಳು ಗಾತ್ರದ ಬೇರಿಗೆ ಕತ್ತಿಯಿಂದ ಸಣ್ಣ ಗಾಯ ಮಾಡಿ, ತೆಳುವಾಗಿ ಮಣ್ಣು ಮುಚ್ಚಿ ತೇವ ಇಡಬೇಕು. ಕೆಲವು ವಾರಗಳಲ್ಲಿ ಅಲ್ಲಿ ಚಿಗುರು ಏಳುತ್ತದೆ. ಒಂದೂವರೆ ಅಡಿ ಆದ ಮೇಲೆ, ಮಳೆ ಹಿಡಿದ ಸಮಯ ನೋಡಿ, ಎರಡೂ ಕಡೆ ಗೇಣುದ್ದ ಬೇರು ಸೇರಿಸಿ ಕತ್ತರಿಸಬೇಕು. ಎಲೆಗಳನ್ನು ಅರ್ಧಕ್ಕೆ ಕತ್ತರಿಸದಿದ್ದರೆ ಸಸಿ ಬಾಡುತ್ತದೆ, ಅಷ್ಟು ಅಗಲದ ಎಲೆ ಅದು. ಎರಡು ಮೂರು ತಿಂಗಳು ಬ್ಯಾಗಿನಲ್ಲಿ, ನೆರಳಲ್ಲಿ. ನಾನು ಮಾಡಿದರೆ ಐದರಲ್ಲಿ ಎರಡು ಮೂರು ಬದುಕುತ್ತವೆ.

ಹಲಸಿನ ಬೀಜಕ್ಕೆ ಇಷ್ಟೆಲ್ಲ ಬೇಡ. ಹಣ್ಣು ತಿಂದ ವಾರದೊಳಗೆ ಮಣ್ಣಿಗೆ ಹಾಕಬೇಕು, ಅಷ್ಟೇ. ಒಣಗಿಸಿ ಇಟ್ಟರೆ ಮೊಳಕೆ ಬರುವುದಿಲ್ಲ. ಬ್ಯಾಗಿನಲ್ಲಿ ಹೆಚ್ಚು ದಿನ ಇಟ್ಟರೆ ತಾಯಿಬೇರು ಸುರುಳಿ ಸುತ್ತುತ್ತದೆ, ಹಾಗಾಗಿ ಬೇಕಾದ ಜಾಗದಲ್ಲೇ ಬೀಜ ಊರುವುದು ಒಳ್ಳೆಯದು. ಆದರೆ ಬೀಜದ ಗಿಡ ಬಕ್ಕೆಯೋ (ಗಟ್ಟಿ ಸೊಳೆಯದ್ದು) ತುಳುವೆಯೋ (ಮೆತ್ತನೆಯ ಸೊಳೆಯದ್ದು) ಎಂದು ಹಣ್ಣು ಬಿಡುವವರೆಗೆ ತಿಳಿಯದು. ನನ್ನ ಬೀಜದ ಗಿಡ ಒಂಬತ್ತನೇ ವರ್ಷಕ್ಕೆ ಕಾಯಿ ಬಿಟ್ಟಿತು, ತುಳುವೆ. ಅದರ ಪಕ್ಕದ ಕಸಿ ಬಕ್ಕೆ ನಾಲ್ಕನೇ ವರ್ಷಕ್ಕೇ ಬಿಟ್ಟಿತ್ತು. ಜಾಗ ಕಡಿಮೆ ಇರುವವರು ಕಸಿಯನ್ನೇ ನೆಡಿ.

ಮೊದಲ ವರ್ಷ ಹಲಸಿನಲ್ಲಿ ಬೆರಳುದ್ದದ ಮಿಡಿಗಳೆಲ್ಲ ಕಪ್ಪಾಗಿ ಉದುರಿದಾಗ ರೋಗ ಎಂದು ಹೆದರಿದ್ದೆ. ಅವು ಗಂಡು ಹೂವಿನ ಗೊಂಚಲು. ಪರಾಗ ಚೆಲ್ಲಿದ ಮೇಲೆ ಉದುರಲೇಬೇಕು. ಯಾವ ಮದ್ದೂ ಹೊಡೆಯಬೇಡಿ. ಎರಡು ಬೇಸಿಗೆ ದಾಟಿದ ಮೇಲೆ ನಾನು ಹಲಸಿಗೆ ನೀರು ಹಾಕಿದ್ದೇ ಇಲ್ಲ. ಬುಡದಲ್ಲಿ ನೀರು ನಿಲ್ಲಬಾರದು ಎನ್ನುವುದೊಂದೇ ಎಚ್ಚರಿಕೆ. ಒಂದೇ ಕಡೆ ಮೂರು ನಾಲ್ಕು ಕಾಯಿ ಬಿಟ್ಟರೆ ಒಂದನ್ನು ಉಳಿಸಿ ಬೇರೆಯವನ್ನು ಗುಜ್ಜೆಯಾಗಿಯೇ, ಅಂದರೆ ಎಳೆಯ ಕಾಯಿಯಾಗಿಯೇ, ಪಲ್ಯಕ್ಕೆ ತೆಗೆಯುತ್ತೇವೆ. ಮರದಲ್ಲಿ ಬಿಟ್ಟ ಕಾಯಿ ಚೆನ್ನಾಗಿ ತುಂಬುತ್ತದೆ.

ಜೀಗುಜ್ಜೆಯನ್ನು ಹಾಗೆ ಬಿಡಲು ಆಗದು. ನಮ್ಮ ಮರ ಈಗ ಬಚ್ಚಲಿನ ನೀರು ಹರಿದು ಹೋಗುವ ಕಡೆ, ಬಾವಿಯಿಂದಲೂ ಗೋಡೆಯಿಂದಲೂ ದೂರದಲ್ಲಿದೆ. ಬುಡಕ್ಕೆ ವರ್ಷವಿಡೀ ತೆಂಗಿನ ಗರಿ, ಒಣ ಸೊಪ್ಪಿನ ಹೊದಿಕೆ. ಮಳೆಗಾಲದ ಮೊದಲು ಮತ್ತು ನಂತರ ಎರಡು ಬುಟ್ಟಿ ಹಟ್ಟಿಗೊಬ್ಬರ. ಬುಡದ ಸುತ್ತ ಹಾರೆ, ಪಿಕ್ಕಾಸು ಹಾಕಲು ಯಾರಿಗೂ ಬಿಡುವುದಿಲ್ಲ, ಬೇರು ಕಡಿದರೆ ಎಲ್ಲೆಂದರಲ್ಲಿ ಮರಿ ಏಳುತ್ತದೆ. ಕೊಂಬೆ ತುಂಬಾ ಮೆದು. 2016ರ ಜೂನ್ ಗಾಳಿಗೆ ದೊಡ್ಡ ಕೊಂಬೆಯೊಂದು ಕಾಯಿ ಸಮೇತ ಮುರಿದು ಬಿತ್ತು. ಅಂದಿನಿಂದ ಹದಿನೈದು ಅಡಿಗಿಂತ ಮೇಲೆ ಹೋಗದಂತೆ ತಲೆ ಕಡಿಯುತ್ತೇನೆ. ಇದರಿಂದ ಕೊಯ್ಯುವುದೂ ಸುಲಭ. ಹಲಸು ಕಾಂಡದಲ್ಲೇ ಬಿಡುತ್ತದೆ, ಜೀಗುಜ್ಜೆ ಬಿಡುವುದು ಕೊಂಬೆಯ ತುದಿಯಲ್ಲಿ. ದೋಟಿಗೆ ಬಲೆ ಕಟ್ಟಿಯೇ ಕೊಯ್ಯಬೇಕು, ನೆಲಕ್ಕೆ ಬಿದ್ದರೆ ಅದೇ ದಿನ ಮೆತ್ತಗಾಗುತ್ತದೆ. ಮುಳ್ಳು ಚಪ್ಪಟೆಯಾಗಿ, ಸಿಪ್ಪೆಯ ಮೇಲೆ ಹಾಲಿನ ಹನಿ ಒಣಗಿ ಕಂಡರೆ ಕಾಯಿ ಬಲಿತಿದೆ ಎಂದರ್ಥ. ಕೊಯ್ದ ಮೇಲೆ ತೊಟ್ಟು ಕೆಳಗೆ ಮಾಡಿಟ್ಟು ಹಾಲು ಇಳಿಸಬೇಕು. ಎರಡು ಮೂರು ದಿನಕ್ಕೇ ಹಣ್ಣಾಗುತ್ತದೆ. ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟರೆ ಇನ್ನೂ ಕೆಲವು ದಿನ ತಡೆಯುತ್ತದೆ.

ಅಡುಗೆಯಲ್ಲಿ ಜೀಗುಜ್ಜೆಯೇ ಸುಲಭ. ಸಿಪ್ಪೆ ಕೆತ್ತಿ, ನಡುವಿನ ಗೂಂಜು ತೆಗೆದು, ತೆಳುವಾಗಿ ಹೆಚ್ಚಿ ಮೆಣಸಿನ ಪುಡಿ, ಇಂಗು, ಉಪ್ಪು ಹಚ್ಚಿಟ್ಟು ತೆಂಗಿನೆಣ್ಣೆಯಲ್ಲಿ ಪೋಡಿ ಕರಿದರೆ ಮಳೆಗಾಲದ ಸಂಜೆಗೆ ಬೇರೇನೂ ಬೇಡ. ಕಡಲೆ ಹಾಕಿದ ಸುಕ್ಕ ಇನ್ನೂ ರುಚಿ. ಕೊಂಕಣಿಯವರು ಗುಜ್ಜೆಗೆ ಕಡ್ಗಿ, ಜೀಗುಜ್ಜೆಗೆ ಜೀವ ಕಡ್ಗಿ ಅನ್ನುತ್ತಾರೆ.

ಹಲಸಿನ ಕೆಲಸ ಮಾತ್ರ ಮನೆಮಂದಿಯೆಲ್ಲ ಕೂತು ಮಾಡುವಂಥದ್ದು. ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಿ, ಒಂದಿಷ್ಟು ಹಪ್ಪಳಕ್ಕೆ, ಒಂದಿಷ್ಟು ಉಪ್ಪು ನೀರಿನ ಭರಣಿಗೆ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಆ ಉಪ್ಪುಸೊಳೆಯೇ ಪಲ್ಯ, ರೊಟ್ಟಿ. ಬೀಜಕ್ಕೆ ಅಮ್ಮ ಕೆಮ್ಮಣ್ಣು ಹಚ್ಚಿ ಇಡುತ್ತಿದ್ದರು, ಮಳೆಗಾಲ ಪೂರ್ತಿ ಕೆಡುತ್ತಿರಲಿಲ್ಲ. ಅಷ್ಟಮಿಗೆ ಕಡುಬು ಬೇಯಿಸುವ ಕೊಟ್ಟೆ ಕಟ್ಟಲು ಎಲೆಯೂ ಹಲಸಿನದ್ದೇ ಬೇಕು, ಜೀಗುಜ್ಜೆಯ ಎಲೆ ಬೆರಳು ಬಿಡಿಸಿದ ಹಾಗೆ ಸೀಳಿರುತ್ತದೆ. ಮರವಾಗಿ ನೋಡಿದರಂತೂ ಹೋಲಿಕೆಯೇ ಇಲ್ಲ. ಹಲಸಿನಲ್ಲಿ ಬಾಗಿಲು, ಮಂಚ, ಮೃದಂಗ ಎಲ್ಲ ಆಗುತ್ತದೆ. ಜೀಗುಜ್ಜೆಯ ಮರ ಹಗುರ, ನಮ್ಮಲ್ಲಿ ಕಡಿದ ಕೊಂಬೆಗಳು ಒಲೆಗೆ ಹೋಗುತ್ತವೆ. ಹಲಸಿನ ಒರಟು ಕಾಂಡಕ್ಕೆ ಕಾಳುಮೆಣಸಿನ ಬಳ್ಳಿಯನ್ನೂ ಹಬ್ಬಿಸಿದ್ದೇನೆ.

ಹತ್ತು ಸೆಂಟ್ಸ್ ಜಾಗದವರು ಯಾವುದನ್ನು ನೆಡಲಿ ಎಂದು ಕೇಳಿದರೆ ಜೀಗುಜ್ಜೆ ಅನ್ನುತ್ತೇನೆ, ಬೇಸಿಗೆಯಲ್ಲಿ ಮನೆಯಲ್ಲಿ ಜನ ಇರುವುದಾದರೆ ಮಾತ್ರ. ಊರಿಗೆ ವರ್ಷಕ್ಕೊಮ್ಮೆ ಬಂದು ಹೋಗುವವರಿಗೆ ಹಲಸೇ ಸರಿ. ಈ ಸಲ ಮೂರು ಜೀಗುಜ್ಜೆ ಮರಿಗಳು ಬ್ಯಾಗಿನಲ್ಲಿ ಚಿಗುರಿವೆ. ಕೇಳಿದವರು ಐದು ಜನ. ಕೊಡುವ ಮೊದಲು ಒಂದು ಸಲ ಅವರ ಹಿತ್ತಿಲಿಗೆ ಹೋಗಿ, ಬಚ್ಚಲಿನ ನೀರು ಎತ್ತ ಹರಿಯುತ್ತದೆ ಎಂದು ನೋಡಿ ಬರುತ್ತೇನೆ.